ಟರ್ಬೊ ಡೀಸೆಲ್ ಕಾರು: ಬಲ ಎಲ್ಲಿಂದ, ಬಾಳಿಕೆ ಎಲ್ಲಿಯವರೆಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರು ಬಾನೆಟ್ ಎತ್ತಿ ನೋಡಿದರೆ ಬಹಳ ಸಲ ಕಾಣಸಿಗುವುದು ಒಂದೇ ಎಂಜಿನ್. ಕಾರಿನ ಹೆಸರು ಸ್ವಿಫ್ಟ್ ಇರಬಹುದು, ಡಿಜೈರ್ ಇರಬಹುದು, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ, ಲಿನಿಯಾ ಯಾವುದೇ ಇರಬಹುದು. ಒಳಗಿರುವುದು ಇಟಲಿಯ ಫಿಯೆಟ್ ಕಂಪನಿ ಮೂಲದ 1.3 ಲೀಟರ್ ಮಲ್ಟಿಜೆಟ್ ಟರ್ಬೊ ಡೀಸೆಲ್. ಮಾರುತಿ ಇದನ್ನು ಡಿಡಿಐಎಸ್ ಎಂದು ಕರೆಯಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ವಾಹನ ಪತ್ರಿಕೆಗಳು ಭಾರತದ 'ರಾಷ್ಟ್ರೀಯ ಎಂಜಿನ್' ಎಂದು ತಮಾಷೆಯಾಗಿ ಕೊಟ್ಟ ಹೆಸರು ಹಾಗೆಯೇ ಉಳಿದುಕೊಂಡಿತು.

2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳ ಮಾರಾಟವನ್ನೇ ನಿಲ್ಲಿಸಿತು. ಅಲ್ಲಿಗೆ ಈ ಎಂಜಿನ್‌ನ ಹೊಸ ಕಾರು ದೇಶದಲ್ಲಿ ಸಿಗುವುದು ಕೊನೆಗೊಂಡಿತು. ಇಂದು ಕೈ ಬದಲಾಗುತ್ತಿರುವ ಪ್ರತಿಯೊಂದು ಕಾರೂ ಒಬ್ಬರೋ ಇಬ್ಬರೋ ಓಡಿಸಿಬಿಟ್ಟದ್ದು. ಈರುಳ್ಳಿಯೋ ಮೆಕ್ಕೆಜೋಳವೋ ಕೈಹಿಡಿದ ವರ್ಷ ಕೂಡಿಟ್ಟ ಹಣದಲ್ಲಿ ಅಂಥದೊಂದನ್ನು ಮನೆಗೆ ತರುವ ರೈತನಿಗಾಗಲಿ, ಅದನ್ನೇ ಬಾಡಿಗೆಗೆ ಬಿಟ್ಟು ಸಂಸಾರ ತೂಗಿಸಬೇಕೆಂದಿರುವ ಯುವಕನಿಗಾಗಲಿ, ಟರ್ಬೊ ಮತ್ತು ಇಂಜೆಕ್ಟರ್‌ಗಳು ಒಟ್ಟಿಗೆ ಕೈಕೊಟ್ಟರೆ ರಿಪೇರಿಯ ಬಿಲ್ಲು ಕಾರಿಗೆ ಕೊಟ್ಟ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು. ಆದ್ದರಿಂದ ಈ ಎಂಜಿನ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿದಿರುವುದು ಬರಿಯ ಕುತೂಹಲದ ವಿಷಯವಲ್ಲ.

ಅಂಕಿಗಳು ಹೇಳುವುದೇನು?

ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, 1248 ಸಿ.ಸಿ. ಸಾಮರ್ಥ್ಯ. ಪ್ರತಿ ಸಿಲಿಂಡರಿನ ಒಳವ್ಯಾಸ 69.6 ಮಿ.ಮೀ., ಪಿಸ್ಟನ್ ಚಲಿಸುವ ದೂರ 82 ಮಿ.ಮೀ. ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಭಾರತದಲ್ಲಿ ಎರಡು ರೂಪಗಳು ಹೆಚ್ಚು ಪ್ರಚಲಿತವಾದವು. ಮೊದಲನೆಯದು ಸಾಮಾನ್ಯ ಟರ್ಬೊ ಹೊಂದಿದ, 4000 ಸುತ್ತಿನಲ್ಲಿ 75 ಅಶ್ವಶಕ್ತಿ ಹಾಗೂ 2000 ಸುತ್ತಿನಲ್ಲಿ 190 ನ್ಯೂಟನ್ ಮೀಟರ್ ತಿರುಚುಬಲ ನೀಡುವಂಥದು. ಎರಡನೆಯದು ರೆಕ್ಕೆಗಳ ಕೋನವನ್ನು ತಾನೇ ಬದಲಿಸಿಕೊಳ್ಳುವ ಟರ್ಬೊ ಹೊಂದಿದ, 90 ಅಶ್ವಶಕ್ತಿ ಹಾಗೂ 200 ನ್ಯೂಟನ್ ಮೀಟರಿನದು. ಎರ್ಟಿಗಾ, ಸಿಯಾಜ್, ಬ್ರೆಜಾಗಳಲ್ಲಿರುವುದು ಈ ಎರಡನೆಯದು.

ಅಶ್ವಶಕ್ತಿಗಿಂತ ತಿರುಚುಬಲದ ಅಂಕಿಯನ್ನೇ ಗಮನಿಸಬೇಕು. 2007ರಲ್ಲಿ ಡೀಸೆಲ್ ಸ್ವಿಫ್ಟ್ ಮಾರುಕಟ್ಟೆಗೆ ಬಂದಾಗ ಅದರ ಪಕ್ಕದಲ್ಲೇ ನಿಂತಿದ್ದ 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್‌ಗೆ 87 ಅಶ್ವಶಕ್ತಿಯಿತ್ತು, ಡೀಸೆಲ್‌ಗಿಂತ ಹೆಚ್ಚು. ಆದರೆ ಅದರ ತಿರುಚುಬಲ 113 ನ್ಯೂಟನ್ ಮೀಟರ್ ಮಾತ್ರ, ಅದೂ 4500 ಸುತ್ತಿಗೆ ಏರಿದ ಮೇಲೆ. ಡೀಸೆಲ್ ಎಂಜಿನ್ ಅದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಬಲವನ್ನು ಅರ್ಧಕ್ಕೂ ಕಡಿಮೆ ವೇಗದಲ್ಲಿ ಕೊಡುತ್ತಿತ್ತು. ಐದು ಜನ, ಡಿಕ್ಕಿಯ ತುಂಬ ಸಾಮಾನು, ಮೇಲೆ ಎ.ಸಿ. ಹಾಕಿಕೊಂಡು ಏರು ಹತ್ತುವಾಗ ಚಾಲಕನ ಅನುಭವಕ್ಕೆ ಬರುವುದು ಈ ಬಲವೇ.

ಬಲದ ಮೂಲ

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೇಳನೆಯ ಒಂದು ಭಾಗದಷ್ಟಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒಳಗೆ ಹೆಚ್ಚು ಗಾಳಿ ಹೋದಷ್ಟೂ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಬಲ ಪಡೆಯಬಹುದು. ಟರ್ಬೊ ಮಾಡುವ ಕೆಲಸ ಇಷ್ಟೇ: ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆಯಿಂದ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಡದಲ್ಲಿ ಒಳಗೆ ತಳ್ಳುವುದು. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅದನ್ನು ಇಂಟರ್‌ಕೂಲರ್ ಮೂಲಕ ತಣಿಸಿ ಸಿಲಿಂಡರಿಗೆ ಬಿಡಲಾಗುತ್ತದೆ.

ಇಂಧನ ಸಿಂಪಡಿಸುವ ಬಗೆಯಲ್ಲಿಯೂ ಒಂದು ಕ್ರಾಂತಿ ನಡೆದಿದೆ. ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್‌ಗಳಿಂದಾಗಿ ಈ ಭಾಗದ ರೈತರಿಗೆ 'ಪಂಪು–ನಾಜಲ್' ಎಂಬ ಜೋಡಿಪದ ಪರಿಚಿತ. ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ, 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಹೆಸರು ಕರ್ನಾಟಕದಲ್ಲಿ ಮನೆಮಾತಾದದ್ದೇ ಈ ಪಂಪುಗಳಿಂದ. ಹಳೆಯ ಪದ್ಧತಿಯಲ್ಲಿ ಪಂಪು ಪ್ರತಿ ಸಿಲಿಂಡರಿಗೂ ಸರದಿಯಂತೆ ಡೀಸೆಲ್ ತಳ್ಳುತ್ತಿತ್ತು. ಕಾಮನ್ ರೈಲ್ ಪದ್ಧತಿಯಲ್ಲಿ ಪಂಪು ಒಂದೇ ಕೊಳವೆಯಲ್ಲಿ ಸದಾ ಭಾರೀ ಒತ್ತಡ ಕಾದಿಡುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣ ಎಷ್ಟು ಹೊತ್ತು ಬಾಯಿ ತೆರೆಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಫಿಯೆಟ್ ಸಮೂಹದಲ್ಲಿ ರೂಪುಗೊಂಡು ಬಾಷ್ ಕೈಯಲ್ಲಿ ಪಕ್ವವಾದ ಈ ತಂತ್ರ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಮೊದಲು ರಸ್ತೆಗಿಳಿಯಿತು. 2003ರ ಮಲ್ಟಿಜೆಟ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಒಂದೇ ದಹನದಲ್ಲಿ ಇಂಧನವನ್ನು ಐದು ಕಂತುಗಳವರೆಗೆ ಒಡೆದು ಸಿಂಪಡಿಸತೊಡಗಿತು. ಹಳೆಯ ಡೀಸೆಲ್ ಕಾರುಗಳ 'ಕಟಕಟ' ಸದ್ದು ತಗ್ಗಿದ್ದಕ್ಕೆ ಕಾರಣ ಇದೇ.

ಕೊಳವೆಯಲ್ಲಿನ ಒತ್ತಡ 1400ರಿಂದ 1600 ಬಾರ್. ಹೋಲಿಕೆಗೆ ಹೇಳುವುದಾದರೆ, ತುಂಬಿದ ಲಾರಿಯ ಟೈರಿನಲ್ಲಿರುವುದು 8 ಬಾರ್ ಆಸುಪಾಸು. ಇಂಥ ಒತ್ತಡವನ್ನು ತಡೆಯಲು ಇಂಜೆಕ್ಟರ್ ಒಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾಗಿರಬೇಕಾಗುತ್ತದೆ. ಈ ಎಂಜಿನ್‌ನ ಶಕ್ತಿಯೂ ದೌರ್ಬಲ್ಯವೂ ಆ ಸಂದಿನಲ್ಲೇ ಅಡಗಿವೆ.

ದೂಳೆಂಬ ವೈರಿ

ಈ ಐದು ತಾಲ್ಲೂಕುಗಳ ಹವೆಗೆ ಯುರೋಪಿನ ಎಂಜಿನ್ ಹೊಂದಿಕೊಂಡದ್ದೇ ಒಂದು ಸಾಧನೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಕೂಡ್ಲಿಗಿಯ ಕೆಂಪು ಮಣ್ಣು, ಹಡಗಲಿ–ಹಗರಿಬೊಮ್ಮನಹಳ್ಳಿ ಕಡೆಯ ಎರೆಭೂಮಿ ಎರಡೂ ಮಳೆ ಹಿಂದೆ ಸರಿದೊಡನೆ ಹುಡಿಯಾಗಿ ರಸ್ತೆಗೇಳುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಮುನ್ನ ಸಂಡೂರು–ಹೊಸಪೇಟೆ ದಿಕ್ಕಿಗೆ ನಿತ್ಯ ಓಡಾಡಿದ ಕಾರುಗಳು ಅದಿರಿನ ದೂಳನ್ನೂ ಸಾಕಷ್ಟು ಕುಡಿದಿವೆ. ಆ ಕಾಲದ ಕಾರು ಕೊಳ್ಳುವವರು ಅದು ಯಾವ ರಸ್ತೆಯಲ್ಲಿ ದುಡಿದಿದೆ ಎಂದು ಕೇಳುವುದು ಅತಿಯೇನಲ್ಲ.

ದೂಳನ್ನು ತಡೆಯುವುದು ಕಾಗದದ ಏರ್ ಫಿಲ್ಟರ್ ಒಂದೇ. ಟರ್ಬೊದ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಫಿಲ್ಟರ್ ದಾಟಿ ಬಂದ ಮರಳಿನ ಕಣ ಅದರ ರೆಕ್ಕೆಯ ಅಂಚನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಅಲ್ಲಿಂದ ಮುಂದೆ ಸಿಲಿಂಡರ್ ಗೋಡೆಗಳನ್ನು ಗೀರುತ್ತದೆ. ಕೈಪಿಡಿಯಲ್ಲಿ ಫಿಲ್ಟರ್ ಬದಲಿಸಲು ನಮೂದಿಸಿರುವ ಅವಧಿ ಸಾಮಾನ್ಯ ರಸ್ತೆಗೆ. ದೂಳಿನ ರಸ್ತೆಗೆ ಅದೇ ಕೈಪಿಡಿಯ 'ಕಠಿಣ ಬಳಕೆ'ಯ ಪಟ್ಟಿಯನ್ನು ನೋಡಬೇಕು. ಫಿಲ್ಟರನ್ನು ನೆಲಕ್ಕೆ ಕುಟ್ಟುವುದು, ಪೆಟ್ರೋಲಿನಲ್ಲಿ ತೊಳೆಯುವುದು ಗ್ಯಾರೇಜುಗಳಲ್ಲಿ ಈಗಲೂ ಕಾಣುವ ರೂಢಿ. ಎರಡೂ ಕಾಗದದ ರಂಧ್ರಗಳನ್ನು ಹಿಗ್ಗಿಸುತ್ತವೆ. ತೀರ ಅಗತ್ಯವಿದ್ದರೆ ಹಗುರವಾದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬಹುದು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಟರ್ಬೊ ಕಳೆದುಕೊಳ್ಳುವ ವ್ಯವಹಾರ ಯಾರಿಗೂ ಲಾಭದ್ದಲ್ಲ.

ಎಣ್ಣೆಯೇ ಆಯುಷ್ಯ

ಮಲ್ಟಿಜೆಟ್ ಎಂಜಿನ್ ಹೊತ್ತಿರುವ ಎಣ್ಣೆ ಸುಮಾರು 3 ಲೀಟರ್ ಮಾತ್ರ. ಅಷ್ಟು ಎಣ್ಣೆಯೇ ಬೇರಿಂಗ್‌ಗಳನ್ನು ನಯಗೊಳಿಸಬೇಕು, ಟರ್ಬೊದ ದಂಡವನ್ನು ತೇಲಿಸಬೇಕು, ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಶನರ್‌ಗೆ ಒತ್ತಡ ಒದಗಿಸಬೇಕು, ಮಸಿಯನ್ನೂ ಹೊರಬೇಕು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕೆಳಗಿನ ಗೆರೆಗಿಂತ ಇಳಿದರೂ ಕಾರು ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಹಾನಿ ಮೊದಲು ತಟ್ಟುವುದು ಚೈನಿಗೆ.

ಈ ಎಂಜಿನ್‌ನ ಚೈನಿಗೆ ಬದಲಾವಣೆಯ ಅವಧಿಯನ್ನು ನಿಗದಿಪಡಿಸಿಲ್ಲ. ಇದನ್ನೇ 'ಚೈನ್ ಎಂದೆಂದಿಗೂ ಹೋಗುವುದಿಲ್ಲ' ಎಂದು ಅರ್ಥೈಸಿಕೊಂಡವರು ಬಹಳ. ಎಣ್ಣೆ ಹಳತಾಗಿ ಮಸಿಗಟ್ಟಿದರೆ ಟೆನ್ಶನರ್ ಸಡಿಲಗೊಂಡು ಚೈನ್ ಹಿಗ್ಗುತ್ತದೆ. ಬೆಳಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಎಡಬದಿಯಲ್ಲೋ ಬಲಬದಿಯಲ್ಲೋ ಕೆಲವು ಕ್ಷಣ ಸರಪಳಿ ಅಲುಗಿದಂಥ ಸದ್ದು ಕೇಳಿದರೆ ಅದನ್ನು ಕಡೆಗಣಿಸಬಾರದು. ಚೈನ್ ಹಲ್ಲು ತಪ್ಪಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲೆ ಹೆಡ್ ಇಳಿಸದೆ ಗತ್ಯಂತರವಿಲ್ಲ.

ಮಾರುತಿ ಕಾರುಗಳಿಗೆ ಹೇಳಿರುವ ಎಣ್ಣೆ ಬದಲಾವಣೆಯ ಗಡುವು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎರಡನೆಯ ಷರತ್ತನ್ನು ಮರೆಯುವವರೇ ಹೆಚ್ಚು. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಓಡಿದ ಕಾರಿನ ಎಣ್ಣೆಯೂ ಕೆಡುತ್ತದೆ. ದೂಳು, ಬಿಸಿಲು, ಪೂರ್ಣ ಭಾರದ ಬಾಡಿಗೆ ಓಡಾಟವಿದ್ದರೆ ಗಡುವಿಗೆ ಮುನ್ನವೇ ಬದಲಿಸುವುದು ಒಳಿತು. ದರ್ಜೆ ಕೈಪಿಡಿಯಲ್ಲಿರುವಂತೆಯೇ ಇರಬೇಕು. ಟ್ರ್ಯಾಕ್ಟರಿಗೆಂದು ತಂದ ದಪ್ಪ ಎಣ್ಣೆಯನ್ನು ಕಾರಿಗೂ ಸುರಿಯುವ ಉಳಿತಾಯ ಬೇಡ. ನಕಲಿ ಎಣ್ಣೆ, ನಕಲಿ ಫಿಲ್ಟರ್‌ಗಳ ಕಾಟವಿರುವುದರಿಂದ ಬಿಲ್ಲು ಪಡೆದೇ ಕೊಳ್ಳಬೇಕು.

ಟರ್ಬೊದ ಕಥೆಯೂ ಎಣ್ಣೆಯದೇ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಚಿತ್ರದುರ್ಗದ ಕಡೆಯಿಂದ ವೇಗವಾಗಿ ಬಂದ ಕಾರು ಕೂಡ್ಲಿಗಿಯ ಹೋಟೆಲಿನ ಮುಂದೆ ನಿಂತೊಡನೆ ಕೀಲಿ ತಿರುಗಿಸಿದರೆ ಎಣ್ಣೆಯ ಪೂರೈಕೆ ಆ ಕ್ಷಣ ನಿಲ್ಲುತ್ತದೆ. ಟರ್ಬೊದ ಚಕ್ರ ಮಾತ್ರ ಇನ್ನೂ ತಿರುಗುತ್ತಿರುತ್ತದೆ, ಅದರ ಮೈ ಕೆಂಡದಂತೆ ಕಾದಿರುತ್ತದೆ. ಬೇರಿಂಗ್‌ನಲ್ಲಿ ಉಳಿದ ಎಣ್ಣೆ ಕರಕಲಾಗಿ ಕಿಟ್ಟಗಟ್ಟುತ್ತದೆ. ಒಂದು ದಿನದಲ್ಲಿ ಏನೂ ಆಗದು. ವರ್ಷಗಟ್ಟಲೆ ಹೀಗಾದರೆ ದಂಡ ಅಲುಗಾಡತೊಡಗಿ ಎಣ್ಣೆ ಸೋರುತ್ತದೆ, ನೀಲಿ ಹೊಗೆ ಕಾಣಿಸಿಕೊಳ್ಳುತ್ತದೆ. ನಿಲ್ಲಿಸುವ ಮುನ್ನ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಟ್ಟರೆ ಸಾಕು. ಚಾಲೂ ಮಾಡಿದ ತಕ್ಷಣ ಆಕ್ಸಿಲರೇಟರ್ ಒತ್ತದಿರುವುದೂ ಅಷ್ಟೇ ಮುಖ್ಯ, ಎಣ್ಣೆ ಟರ್ಬೊ ತಲುಪಲು ಕೆಲವು ಕ್ಷಣ ಬೇಕು.

ಡೀಸೆಲ್, ನೀರು ಮತ್ತು ಮಸಿ

ಅಧಿಕ ಒತ್ತಡದ ಪಂಪಿಗೆ ಬೇರೆ ಎಣ್ಣೆಯಿಲ್ಲ, ಡೀಸೆಲ್ಲೇ ಅದರ ನಯದ ಎಣ್ಣೆ. ಸೀಮೆಎಣ್ಣೆ ಬೆರೆತ ಡೀಸೆಲ್ ಹಳೆಯ ಲಾರಿಯನ್ನು ಹೊಗೆಯುಗುಳಿಸಿ ಬಿಡಬಹುದು, ಕಾಮನ್ ರೈಲ್ ಪಂಪನ್ನು ಅದು ಸವೆಸಿ ಲೋಹದ ಪುಡಿಯನ್ನು ಇಂಜೆಕ್ಟರುಗಳಿಗೂ ಹಂಚುತ್ತದೆ. ಸುಗ್ಗಿಯ ಕಾಲದಲ್ಲಿ ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ಕೂಡಿಟ್ಟ ಡೀಸೆಲನ್ನೇ ಅವಸರಕ್ಕೆ ಕಾರಿಗೂ ಹಾಕುವುದುಂಟು. ಡ್ರಮ್ಮಿನ ತಳದಲ್ಲಿ ನೀರು, ತುಕ್ಕು, ದೂಳು ಇರುವುದು ಖಚಿತ. ಡೀಸೆಲ್ ಫಿಲ್ಟರ್ ನೀರನ್ನು ಬೇರ್ಪಡಿಸುತ್ತದೆ, ಆದರೆ ಅದರ ಹೊಟ್ಟೆ ತುಂಬಿದಾಗ ಡ್ಯಾಶ್‌ಬೋರ್ಡಿನ ದೀಪ ಹೊತ್ತುತ್ತದೆ. ಆ ದೀಪ ಕಂಡೂ ಊರು ಮುಟ್ಟಿಸೋಣ ಎಂದು ಓಡಿಸಬಾರದು.

ಇಂಜೆಕ್ಟರ್ ಬಿಚ್ಚುವ ಕೆಲಸವನ್ನು ರಸ್ತೆಬದಿಯ ಗಾಳಿಯಲ್ಲಿ ಮಾಡಿಸದಿರುವುದು ಲೇಸು. ಹಲವು ಕಾಮನ್ ರೈಲ್ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರಿಗೂ ಒಂದು ಸಂಕೇತಸಂಖ್ಯೆ ಕೊರೆದಿರುತ್ತದೆ. ಹೊಸದು ಹಾಕಿದಾಗ ಅದನ್ನು ಕಂಪ್ಯೂಟರಿಗೆ ಉಣಿಸದಿದ್ದರೆ ಎಂಜಿನ್ ನಡುಗುತ್ತದೆ. ಸ್ಪ್ಯಾನರ್ ಜತೆಗೆ ಸ್ಕ್ಯಾನರ್ ಕೂಡ ಇರುವ ಮೆಕ್ಯಾನಿಕ್ಕನನ್ನೇ ಹುಡುಕಬೇಕಾದ ಕಾಲವಿದು.

ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬುವ ಅಭ್ಯಾಸವೂ ಈ ಭಾಗದಲ್ಲಿ ವ್ಯಾಪಕ. ಆಳದ ಗಡಸು ನೀರು ಸ್ನಾನದ ಹಂಡೆಯಲ್ಲಿ ಬಿಳಿ ಪದರ ಕಟ್ಟುವುದನ್ನು ಮನೆಮನೆಯವರೂ ನೋಡಿದ್ದಾರೆ. ಎಂಜಿನ್ ಒಳಗಿನ ಸಣ್ಣ ದಾರಿಗಳಲ್ಲೂ ಅದೇ ಪದರ ಕಟ್ಟುತ್ತದೆ, ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತದೆ. ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ, ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹೊರಟ ಕಾರುಗಳು ಪಾದಯಾತ್ರಿಗಳ ಹಿಂದೆ, ಎತ್ತಿನ ಬಂಡಿಗಳ ಹಿಂದೆ ಗಂಟೆಗಟ್ಟಲೆ ತೆವಳುವಾಗ ಉಷ್ಣತೆಯ ಮುಳ್ಳು ಮೇಲೇರುವುದು ಇಂಥ ಎಂಜಿನ್‌ಗಳಲ್ಲೇ. ಕಂಪನಿ ಸೂಚಿಸಿದ ಕೂಲೆಂಟ್ ತುಂಬಿಸುವ ಖರ್ಚು ಹೆಡ್ ಗ್ಯಾಸ್ಕೆಟ್ ಖರ್ಚಿನ ಮುಂದೆ ಅಲ್ಪ.

ಇನ್ನು ಮಸಿ. ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಕಳಿಸಿ ಮಾಲಿನ್ಯ ತಗ್ಗಿಸುವ ಇಜಿಆರ್ ವಾಲ್ವ್, ಊರಿನಿಂದ ಪೇಟೆಗೆ ನಾಲ್ಕೈದು ಕಿ.ಮೀ. ಅಷ್ಟೇ ಓಡುವ ಕಾರುಗಳಲ್ಲಿ ಮಸಿಯಿಂದ ಜಡಗೊಳ್ಳುತ್ತದೆ. ಮಲ್ಟಿಜೆಟ್‌ನ ಟರ್ಬೊ 2000 ಸುತ್ತಿಗಿಂತ ಕೆಳಗೆ ಅಷ್ಟಾಗಿ ಎಚ್ಚೆತ್ತಿರುವುದಿಲ್ಲ. ಡೀಸೆಲ್ ಉಳಿಸುವ ಆಸೆಯಿಂದ ನಾಲ್ಕನೇ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿ ಎಳೆದಾಡಿಸಿದರೆ ಉಳಿತಾಯವೂ ಆಗದು, ಮಸಿಯೂ ಕಟ್ಟುತ್ತದೆ, ಕ್ಲಚ್ಚೂ ಸವೆಯುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಸರಾಗವಾಗಿ ಓಡಿಸುವುದು ಇದಕ್ಕೆ ಅಗ್ಗದ ಮದ್ದು. 2020ರ ನಂತರದ ಬೊಲೆರೊದಂಥ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಈ ಮಾತು ಇನ್ನೂ ಕಟ್ಟುನಿಟ್ಟು. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದು, ಕಾದರೆ ಮಾತ್ರ ಅದು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ.

ಹಾಗಾದರೆ ನಂಬಬಹುದೇ?

ನಂಬಬಹುದು, ಷರತ್ತಿನ ಮೇಲೆ. ಎಣ್ಣೆಯನ್ನು ಕಾಲಕಾಲಕ್ಕೆ ಕಂಡ ಟ್ಯಾಕ್ಸಿ ಡಿಜೈರ್‌ಗಳು ಎರಡು, ಮೂರು ಲಕ್ಷ ಕಿ.ಮೀ. ದಾಟಿರುವುದು ಅಪರೂಪವಲ್ಲ. ಕರ್ನಾಟಕದಲ್ಲೇ, ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಟೊಯೊಟಾ ಇನ್ನೊವಾದ 2.5 ಲೀಟರ್, 2494 ಸಿ.ಸಿ. ಎಂಜಿನ್ ಅದಕ್ಕಿಂತಲೂ ಗಟ್ಟಿಯೆಂದು ಹೆಸರಾಗಿದೆ. ಅದರಲ್ಲಿ ಮಾತ್ರ ಚೈನಿಲ್ಲ, ರಬ್ಬರಿನ ಟೈಮಿಂಗ್ ಬೆಲ್ಟ್ ಇದೆ. ಕೈಪಿಡಿ ಹೇಳಿದ ಅವಧಿಗೆ ಅದನ್ನು ಬದಲಿಸಿದ ದಾಖಲೆಯಿಲ್ಲದ ಹಳೆಯ ಇನ್ನೊವಾವನ್ನು ಬೆಲ್ಟಿನ ಖರ್ಚು ಸೇರಿಸಿಯೇ ಬೆಲೆ ಕಟ್ಟಬೇಕು. ಮಲ್ಟಿಜೆಟ್‌ಗಿರುವ ದೊಡ್ಡ ಅನುಕೂಲ ಬಿಡಿಭಾಗಗಳದು. ಮಾನೇಸರದಲ್ಲಿಯೂ ಪುಣೆ ಸಮೀಪದ ರಂಜನಗಾಂವ್‌ನಲ್ಲಿಯೂ ಅಪಾರ ಸಂಖ್ಯೆಯಲ್ಲಿ ತಯಾರಾಗಿ ಹಲವು ಕಂಪನಿಗಳ ಕಾರುಗಳಿಗೆ ಕೂತದ್ದರಿಂದ ಬಿಡಿಭಾಗಗಳೂ ಕೆಲಸ ಬಲ್ಲವರೂ ಸದ್ಯಕ್ಕೆ ಸಿಗುತ್ತಾರೆ. ಬಿಎಸ್-6 ಡೀಸೆಲ್ ಹಳೆಯ ಎಂಜಿನ್‌ಗೆ ಒಗ್ಗುವುದಿಲ್ಲ ಎಂಬ ಗಾಳಿಮಾತಿಗೆ ಆಧಾರವಿಲ್ಲ. ಬಿಎಸ್-3 ಕಾಲದಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗವಿದ್ದ ಗಂಧಕ ಈಗ 10 ಭಾಗಕ್ಕೆ ಇಳಿದಿದೆ. ಎಂಜಿನ್‌ಗೆ ಅದು ಉಪಕಾರವೇ.

ಲಾಭದ ಲೆಕ್ಕ ಮಾತ್ರ ಬದಲಾಗಿದೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರಿ ನಿಯಂತ್ರಣದಿಂದ ಮುಕ್ತಗೊಳಿಸಿದ ಮೇಲೆ ಪೆಟ್ರೋಲ್–ಡೀಸೆಲ್ ನಡುವಿನ ಅಂತರ ಕುಗ್ಗಿತು. 2017ರ ಡೀಸೆಲ್ ಡಿಜೈರ್‌ಗೆ ಪ್ರಮಾಣೀಕರಿಸಿದ ಲೀಟರಿಗೆ 28.4 ಕಿ.ಮೀ. ಪ್ರಯೋಗಶಾಲೆಯ ಅಂಕಿ, ರಸ್ತೆಯಲ್ಲಿ ಅಷ್ಟನ್ನು ನಿರೀಕ್ಷಿಸಲಾಗದು. ತಿಂಗಳಿಗೆ ಸಾವಿರ ಕಿ.ಮೀ. ಕೂಡ ಓಡದ ಮನೆಗೆ ಹಳೆಯ ಪೆಟ್ರೋಲ್ ಕಾರೇ ತಲೆನೋವು ಕಡಿಮೆಯ ಆಯ್ಕೆ.

ಕೊಳ್ಳಲೇಬೇಕೆಂದಿರುವವರು ಕಾರನ್ನು ಮುಂಜಾನೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂತಿರುಗಬಹುದು. ಚೈನಿನ ಸದ್ದು ಆಲಿಸಬೇಕು, ಹೊಗೆಯ ಬಣ್ಣ ನೋಡಬೇಕು. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಗಾಳಿ ಸಾಲದು ಅಥವಾ ಇಂಜೆಕ್ಟರ್ ಹದಗೆಟ್ಟಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುವಾಗ ಎಣ್ಣೆಯ ಮುಚ್ಚಳ ತೆರೆದರೆ ರಭಸವಾಗಿ ಹೊಗೆ ಉಕ್ಕಬಾರದು. ಮೀಟರಿನ ಅಂಕಿಯನ್ನು ತಿರುಗಿಸುವುದು ಕಷ್ಟವೇನಲ್ಲವಾದ್ದರಿಂದ ಸರ್ವಿಸ್ ದಾಖಲೆಯ ದಿನಾಂಕ ಮತ್ತು ಕಿ.ಮೀ.ಗಳನ್ನು ಒಂದಕ್ಕೊಂದು ತಾಳೆ ನೋಡಬೇಕು.

ಕಾಗದಪತ್ರದ ವಿಷಯ ಬೇರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಈ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2007ರಿಂದ 2010ರ ನಡುವಿನ ಮೊದಲ ತಲೆಮಾರಿನ ಡೀಸೆಲ್ ಸ್ವಿಫ್ಟ್‌ಗಳು ಈ ಗಡಿಯನ್ನು ಈಗಾಗಲೇ ದಾಟಿವೆ. ಹರಪನಹಳ್ಳಿಯ ಕಾರುಗಳಲ್ಲಿ ದಾವಣಗೆರೆಯ ಕೆಎ-17 ಕಂಡರೆ ಅಚ್ಚರಿಪಡಬೇಕಿಲ್ಲ. 1997ರಲ್ಲಿ ಆ ಜಿಲ್ಲೆಗೆ ಸೇರಿದ್ದ ತಾಲ್ಲೂಕು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಅನುಮಾನ ಪಡಬೇಕಾದದ್ದು ದೆಹಲಿಯ ನೋಂದಣಿಯ ಅಗ್ಗದ ಕಾರುಗಳ ಬಗ್ಗೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹೊರಡಿಸಿದ ಆದೇಶ ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು, ಕರ್ನಾಟಕಕ್ಕಲ್ಲ. ಆದರೆ ಅದರ ಫಲವಾಗಿ ಅಲ್ಲಿನ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಹರಿದುಬಂದವು. ಅವುಗಳಿಗೆ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು, ಸಾಲ ತೀರಿದ ಪತ್ರ ಬೇಕು, ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಿ ಹೊಸಪೇಟೆಯ ಕೆಎ-35 ಸಂಖ್ಯೆ ಪಡೆಯಬೇಕು. ಇಷ್ಟನ್ನೂ ಕೂಡಿಸಿದ ಮೇಲೆ ಉಳಿಯುವ ಅಂತರವನ್ನು ಮುಂಗಡ ಹಣ ಕೊಡುವ ಮುನ್ನವೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.